ಬಾವಿಯಿಂದ ಎತ್ತಿದ ನೀರು ಬಿಲ್ಲಿನಲ್ಲಿ ಕಡಿಮೆಯಾಗುವುದೇಕೆ?

ಓದುಗರ ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿ ಬೆಳೆಯುತ್ತಿರುವ ಅನೇಕ ಮರುಭೂಮಿ ಊರುಗಳಿಗೆ ಖಾಸಗಿ ಕಂಪನಿಗಳೇ ನೀರು ಪೂರೈಸುತ್ತವೆ. ಮನೆಮನೆಗೂ ಮೀಟರ್ ಇದ್ದರೂ ಬಾವಿಯಿಂದ ಎತ್ತಿದ ನೀರಿಗೂ ಬಿಲ್ಲಾದ ನೀರಿಗೂ ತಾಳೆಯಾಗುವುದಿಲ್ಲ. ಉಳಿದ ನೀರು ಎಲ್ಲಿ ಹೋಗುತ್ತದೆ?

ಉತ್ತರ: ಆ ವ್ಯತ್ಯಾಸವೆಲ್ಲ ಸೋರಿಕೆಯಲ್ಲ. ಬಾವಿಯ ಮೀಟರನ್ನು ತಿಂಗಳ ಒಂದು ನಿಗದಿತ ದಿನ ಓದಿ, ಮನೆಗಳ ಮೀಟರುಗಳನ್ನು ಹಲವು ದಿನಗಳಲ್ಲಿ ಹಂಚಿಕೊಂಡು ಓದಿದರೆ, ಒಂದು ಹನಿಯೂ ಸೋರದೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಹನ್ನೆರಡು ತಿಂಗಳ ಮೊತ್ತವನ್ನು ಹೋಲಿಸುವುದೇ ಸರಿ. ಹಳೆಯ ಯಾಂತ್ರಿಕ ಮೀಟರಿನ ಒಳಭಾಗಗಳು ಸವೆದಂತೆ ಸಣ್ಣ ಹರಿವು ಎಣಿಕೆಗೆ ಸಿಗದೆ ದಾಟಿಹೋಗುತ್ತದೆ. ಅಲ್ಲಿ ನಷ್ಟವಾಗುವುದು ನೀರಲ್ಲ, ಬಿಲ್ಲಿನ ಹಣ. ಬೆಳೆಯುವ ಊರಿನಲ್ಲಿ ಇನ್ನೊಂದು ದಾರಿಯೂ ಇದೆ. ಹೊಸ ಬಡಾವಣೆಯ ರಸ್ತೆಯಲ್ಲಿ ಧೂಳು ಏಳದಂತೆ ಚಿಮುಕಿಸುವುದಕ್ಕೆ, ಹೊಸ ಪೈಪುಗಳನ್ನು ಕ್ಲೋರಿನ್ ಹಾಕಿ ತೊಳೆಯುವುದಕ್ಕೆ ಬೇಕಾದ ನೀರನ್ನು ಅಗ್ನಿಶಾಮಕ ನಲ್ಲಿಗಳಿಂದ ಪಡೆಯುತ್ತಾರೆ. ಅಲ್ಲಿ ತಾತ್ಕಾಲಿಕ ಮೀಟರ್ ಕೂರಿಸದಿದ್ದರೆ ಆ ನೀರಿಗೆ ಲೆಕ್ಕವೇ ಇರುವುದಿಲ್ಲ.

ನಿಜವಾದ ಸೋರಿಕೆಯನ್ನು ಹಿಡಿಯಲು ಊರು ಮಲಗಿರುವ ಹೊತ್ತಿನ, ಅಂದರೆ ರಾತ್ರಿ ಎರಡರಿಂದ ನಾಲ್ಕರವರೆಗಿನ ಹರಿವನ್ನು ಅಳೆಯುವುದು ರೂಢಿ. ಆದರೆ ಬಿಸಿಲೂರುಗಳಲ್ಲಿ ಇದು ಅಷ್ಟು ಸುಲಭವಲ್ಲ, ಏಕೆಂದರೆ ನೀರು ಆವಿಯಾಗದಿರಲೆಂದು ತೋಟಗಳ ಹನಿ ನೀರಾವರಿ ಟೈಮರುಗಳನ್ನು ಜನ ಬೆಳಗಿನ ಜಾವಕ್ಕೇ ಇಟ್ಟಿರುತ್ತಾರೆ. ಹಾಗಾಗಿ ತೋಟಕ್ಕೆ ನೀರು ಕಡಿಮೆ ಬೇಕಾಗುವ ಚಳಿಗಾಲದಲ್ಲಿ ಅಳೆಯಬೇಕು, ಇಲ್ಲವೇ ಗಂಟೆಗಂಟೆಗೆ ದಾಖಲಿಸುವ ಮನೆ ಮೀಟರುಗಳ ಮೊತ್ತವನ್ನು ಅದೇ ಗಂಟೆಯ ಪೂರೈಕೆಯಿಂದ ಕಳೆದು ನೋಡಬೇಕು. ಇವೆಲ್ಲಕ್ಕೂ ಮೊದಲು ಬಾವಿಯ ಮೀಟರನ್ನೇ ಪರೀಕ್ಷಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ: ಅದೊಂದು ಹೆಚ್ಚು ತೋರಿಸಿದರೂ ಇಡೀ ಊರಿನ ಲೆಕ್ಕ ಕೆಡುತ್ತದೆ, ಅದನ್ನು ಸರಿಪಡಿಸುವ ಖರ್ಚಾದರೋ ಮನೆಮನೆಗೆ ಹೊಸ ಮೀಟರ್ ಕೂರಿಸುವುದರ ಮುಂದೆ ಅತ್ಯಲ್ಪ.

ಅರಿಜೋನಾ 1980ರ ಅಂತರ್ಜಲ ಕಾಯ್ದೆಯಡಿ ವಿಶೇಷ ನಿರ್ವಹಣಾ ವಲಯಗಳನ್ನು ಗುರುತಿಸಿದೆ. ಅಲ್ಲಿ ವರ್ಷಕ್ಕೆ 250 ಎಕರೆ-ಅಡಿಗಿಂತ, ಎಂದರೆ ಸುಮಾರು 30.8 ಕೋಟಿ ಲೀಟರಿಗಿಂತ ಹೆಚ್ಚು ನೀರು ಪೂರೈಸುವ ದೊಡ್ಡ ಪೂರೈಕೆದಾರರ ಲೆಕ್ಕಕ್ಕೆ ಸಿಗದ ನೀರು ಶೇ. 10ನ್ನು, ಸಣ್ಣವರದು ಶೇ. 15ನ್ನು ಮೀರುವಂತಿಲ್ಲ. ಈ ಕಟ್ಟುನಿಟ್ಟು ಅಗತ್ಯವೇ ಆಗಿದೆ. ಫೀನಿಕ್ಸ್ ವಲಯದಲ್ಲಿ ಮುಂದಿನ ನೂರು ವರ್ಷಗಳ ಬೇಡಿಕೆಗೆ ಅಂತರ್ಜಲ ಸಾಲದೆಂದು ತಿಳಿದುಬಂದು, ಅದನ್ನಷ್ಟೇ ನೆಚ್ಚಿದ ಹೊಸ ಬಡಾವಣೆಗಳಿಗೆ ನೀರಿನ ಖಾತರಿಪತ್ರ ಕೊಡುವುದನ್ನು ರಾಜ್ಯವು 2023ರ ಜೂನ್‌ನಲ್ಲಿ ನಿಲ್ಲಿಸಿತು.

ಖಾಸಗಿ ನೀರು ಕಂಪನಿಗಳ ದರವನ್ನು ನಿಗದಿಪಡಿಸುವುದು ಚುನಾಯಿತ ಸದಸ್ಯರಿರುವ ಅರಿಜೋನಾ ಕಾರ್ಪೊರೇಷನ್ ಕಮಿಷನ್. ಪಂಪಿನ ವಿದ್ಯುತ್ ಖರ್ಚೂ ದರದೊಳಗೆ ಸೇರುವುದರಿಂದ, ಸೋರಿದ ನೀರನ್ನು ಮೇಲೆತ್ತಿದ ವೆಚ್ಚದ ಒಂದು ಪಾಲನ್ನು ಗ್ರಾಹಕರೇ ತೆರಬೇಕಾಗಬಹುದು. ಕಂಪನಿ ದರ ಏರಿಕೆ ಕೋರಿದಾಗ ನಿವಾಸಿಗಳು ಬಾವಿಯ ಮೀಟರ್ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ, ನಿರ್ಮಾಣಕ್ಕೆ ಕೊಟ್ಟ ನೀರಿನ ಲೆಕ್ಕ ಎಲ್ಲಿದೆ ಎಂಬೆರಡು ಪ್ರಶ್ನೆಗಳನ್ನು ಲಿಖಿತವಾಗಿ ಆಯೋಗದ ಮುಂದಿಡಬಹುದು.