ದ್ರಾಕ್ಷಿ ಕಳ್ಳರನ್ನು ಹೆದರಿಸಿದ ಬಣ್ಣ ಅಡಿಕೆಗೆ ಮದ್ದಾದ ಕಥೆ

ಮಳೆಗಾಲ ಹತ್ತಿರ ಬಂತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಬೆಳೆಗಾರರ ಮಾತು ಬೋರ್ಡೋ ಎಂಬ ಔಷಧಿಯ ಸುತ್ತಲೇ ತಿರುಗುತ್ತದೆ. ಅದಕ್ಕೆ ಬೇಕಾದ ಮೈಲುತುತ್ತದ (ತಾಮ್ರದ ಸಲ್ಫೇಟ್) ರೇಟು ಎಷ್ಟಾಗಿದೆ? ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಯಾವತ್ತು ಬರುತ್ತಾನೆ? ಔಷಧಿ ಒಣಗುವಷ್ಟು ಹೊತ್ತಾದರೂ ಮಳೆ ಬಿಡುತ್ತಾ? ಈ ಔಷಧಿ ಮೊದಲು ಹುಟ್ಟಿದ್ದು ರೋಗಕ್ಕೆ ಅಂತ ಅಲ್ಲವೇ ಅಲ್ಲ. ಕಳ್ಳರ ಕಾಟಕ್ಕೆ.

ಫ್ರಾನ್ಸಿನ ಬೋರ್ಡೋ ಊರಿನ ಸುತ್ತಮುತ್ತ ದ್ರಾಕ್ಷಿ ತೋಟಗಳು ಜಾಸ್ತಿ. ದಾರಿ ಪಕ್ಕದ ಬಳ್ಳಿಗಳಿಂದ ಹೋಗುವವರು ಬರುವವರು ಹಣ್ಣು ಕಿತ್ತು ತಿನ್ನುತ್ತಿದ್ದರು. ಅದಕ್ಕೆ ಅಲ್ಲಿನ ರೈತರು ದಾರಿ ಬದಿಯ ಸಾಲುಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಮೆತ್ತಿದ ಎಲೆ ನೋಡಿದವರು ವಿಷ ಅಂದುಕೊಂಡು ಮುಟ್ಟುತ್ತಿರಲಿಲ್ಲ. ಅದೇ ಕಾಲಕ್ಕೆ ಅಮೆರಿಕದಿಂದ ಬಂದ ಬೂಜು ರೋಗ ಫ್ರಾನ್ಸಿನ ದ್ರಾಕ್ಷಿಯನ್ನು ಹಾಳು ಮಾಡುತ್ತಿತ್ತು. 1882ರಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ ಒಂದು ವಿಚಿತ್ರ ಕಂಡರು. ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ದಾರಿ ಪಕ್ಕದವು ಮಾತ್ರ ಹಸಿರಾಗಿದ್ದವು. ಮುಂದೆ ಅವರು ಪ್ರಯೋಗಗಳನ್ನು ಮಾಡಿ 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದರು. ನಾವು ಇವತ್ತಿಗೂ ಆ ಊರಿನ ಹೆಸರನ್ನೇ ಹೇಳುತ್ತಿದ್ದೇವೆ.

ಮಿಲಾರ್ಡೆ ಅವರ ಕಣ್ಣು ಚುರುಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳರಿಗೆ ಬುದ್ಧಿ ಕಲಿಸಲು ಹೊರಟ ರೈತರಿಗೂ ಇದರಲ್ಲಿ ಪಾಲು ಇದೆ ಅಲ್ವಾ? ಅವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ಮಲೆನಾಡಿನಲ್ಲೂ ಇಂಥ ಹೆಸರಿಲ್ಲದವರು ಇದ್ದರು. ಬೋರ್ಡೋ ಬರುವ ಮುಂಚೆ, ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಇಲ್ಲಿ ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮುಂಚೆ ಮರ ಹತ್ತಿ, ಒಂದೊಂದು ಕೊನೆಗೂ (ಅಡಿಕೆ ಗೊಂಚಲಿಗೂ) ಮುಚ್ಚುತ್ತಿದ್ದರು. ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಗದ್ದೆಗಿಳಿಯುವ ಜನರಿಗೆ ಅಡಿಕೆ ಕೊನೆಗೂ ಒಂದು ಗೊರಬು ಹಾಕೋಣ ಅಂತ ಹೊಳೆದದ್ದು ಸಹಜವೇ ಇರಬೇಕು.

ಸುಮ್ನೆ ಮಾಡಿದ ಕೆಲಸ ಅಲ್ಲ ಅದು. ಕೊಳೆರೋಗ ತರುವುದು ಫೈಟಾಫ್ಥೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶ ಮಾಡಿ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ತೆಳುವಾಗಿ ನೀರು ನಿಂತರೂ ಸಾಕು, ಒಳಗೆ ಇಳಿಯುತ್ತವೆ. ಕಾಯಿ ಕೊಳೆತು ಉದುರುತ್ತದೆ. ಒಂದು ಕೊನೆಯಿಂದ ಇನ್ನೊಂದಕ್ಕೆ ಮಳೆಹನಿ, ಗಾಳಿಯೇ ದಾಟಿಸುತ್ತವೆ. ಕಾಯಿಗೆ ಮಳೆ ತಾಗದಿದ್ದರೆ ಇದರ ಆಟ ನಡೆಯುವುದಿಲ್ಲ. ಸೂಕ್ಷ್ಮದರ್ಶಕ ನೋಡದ ಜನ ಕೊಟ್ಟೆ ಕಟ್ಟಿ ಸರಿಯಾದ ಜಾಗಕ್ಕೇ ಪೆಟ್ಟು ಕೊಟ್ಟಿದ್ದರು.

ಕಷ್ಟ ಇದ್ದದ್ದು ಕೆಲಸದಲ್ಲಿ. ಕರಡ ಕೊಯ್ಯಬೇಕು, ಕೊಟ್ಟೆ ನೇಯಬೇಕು, ಐವತ್ತು ಅರವತ್ತು ಅಡಿ ಮರದ ತುದಿಯಲ್ಲಿ ನಿಂತು ಕಟ್ಟಬೇಕು. ತೋಟ ದೊಡ್ಡದಾದರೆ ಇದು ಮುಗಿಯುವ ಕೆಲಸವೇ ಅಲ್ಲ.

1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಕೀಟ ಮತ್ತು ಶಿಲೀಂಧ್ರಗಳ ತಜ್ಞ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಎಲ್ಲ ಅವರ ಕಾಲದವೇ. ಬಂದ ಹೊಸದರಲ್ಲೇ ಅವರು ಹಿಡಿದ ಕೆಲಸಗಳಲ್ಲಿ ಕೊಳೆರೋಗ ಒಂದು. ರೋಗದ ಮೂಲ ಪತ್ತೆ ಮಾಡಿ, ಬೋರ್ಡೋ ದ್ರಾವಣ ಇದಕ್ಕೆ ನಡೆಯುತ್ತದೆ ಎಂದು ತೋರಿಸಿದರು. 1910ರಲ್ಲಿ ಅವರ ವರದಿ ಅಚ್ಚಾಯಿತು.

ಫ್ರಾನ್ಸಿನಲ್ಲಿ ಬಳ್ಳಿ ಎದೆಮಟ್ಟ, ಮಳೆ ಹದ. ಇಲ್ಲಿ ಮರ ಆಕಾಶಕ್ಕೆ, ಮಳೆಯೋ ಮಲೆನಾಡಿನದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಹಾಗಾಗಿ ಔಷಧಿ ತೊಳೆದು ಹೋಗದಿರಲು ರಾಳದ ಅಂಟು ಸೇರಿಸುವುದು ಬಳಕೆಗೆ ಬಂತು. ಕೆಳಗೊಬ್ಬ ಪಂಪು ಒತ್ತಬೇಕು, ಮೇಲೊಬ್ಬ ಪೈಪು ಹಿಡಿದು ಮರದಿಂದ ಮರಕ್ಕೆ ದಾಟಬೇಕು. ನನ್ನ ಪ್ರಕಾರ ಬೋರ್ಡೋ ಈ ಗುಡ್ಡಗಳಲ್ಲಿ ಊರಿಕೊಂಡದ್ದು ಕೊನೆಗೌಡರ ಕಾಲಿನ ಬಲದಿಂದ. ಬರೆದವರು ಅವರನ್ನು ನೆನೆದದ್ದು ಕಡಿಮೆ.

ಕಲಸುವುದೂ ಒಂದು ಕಸುಬೇ. 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ಕಬ್ಬಿಣದ ಪಾತ್ರೆ ಬಳಸುವ ಹಾಗಿಲ್ಲ. ಹದ ಸರಿ ಇದೆಯಾ ನೋಡಲು ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಇನ್ನೂ ಒಂದು ಮಾತು: ಇದು ಬಂದ ರೋಗ ವಾಸಿ ಮಾಡುವ ಮದ್ದಲ್ಲ, ಬರದಂತೆ ತಡೆಯುವ ಪೊರೆ. ಅದಕ್ಕೇ ಮಳೆ ಜೋರಾಗುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾರೆ.

ಈಗ ಕೊನೆಗೌಡರು ಸಿಗುವುದೇ ಕಷ್ಟ. ನೆಲದ ಮೇಲೆ ನಿಂತು ಹೊಡೆಯಲು ಹಗುರವಾದ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ. ಹಳೇ ಕೊಟ್ಟೆಯೂ ಪೂರ್ತಿ ಹೋಗಿಲ್ಲ. ಕೆಲವರು ಪ್ಲಾಸ್ಟಿಕ್ಕಿನಲ್ಲಿ ಅದನ್ನೇ ಕಟ್ಟುತ್ತಾರೆ. ಇತ್ತ ವರ್ಷ ವರ್ಷ ಹೊಡೆದ ತಾಮ್ರ ತೋಟದ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ ಎಂಬ ಚಿಂತೆ ಬೇರೆ. ಇದರ ನಡುವೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದೆ. ಅದು ಹಿಡಿಯುವುದು ಸೋಗೆಯನ್ನು, ಅಂದರೆ ಅಡಿಕೆಯ ಎಲೆಯನ್ನು. ಅಡಿಕೆ ಕೊನೆಗೆ ಕಟ್ಟಿದ ಹಾಗೆ ಇಡೀ ಮರದ ತಲೆಗೆ ಕೊಟ್ಟೆ ಕಟ್ಟಲು ಬರುವುದಿಲ್ಲ. ರೋಗ ಬಿದ್ದ ಸೋಗೆ ಕಡಿದು ಸುಡುವುದು, ಶಿಲೀಂಧ್ರನಾಶಕ ಹೊಡೆಯುವುದು, ಸದ್ಯಕ್ಕೆ ಮುಖ್ಯವಾಗಿ ಇಷ್ಟೇ ದಾರಿ.