ಫ್ಯಾಕ್ಟರ್ 13 ಕೊರತೆ: ನಿಂತ ರಕ್ತ ಮತ್ತೆ ಸುರಿಯುವ ಕಾಯಿಲೆ

ಗಾಯವಾದ ಜಾಗದಲ್ಲಿ ಫೈಬ್ರಿನ್ ಎಳೆಗಳು ಬಲೆಯಂತೆ ಹೆಣೆದುಕೊಂಡು ರಕ್ತವನ್ನು ತಡೆಯುತ್ತವೆ. ಆ ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಮಾಡುವುದು ರಕ್ತದಲ್ಲಿರುವ ಫ್ಯಾಕ್ಟರ್ 13 ಎಂಬ ಪ್ರೋಟೀನ್. ಅದಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟುತ್ತದೆ, ಆದರೆ ಬೆಸುಗೆಯಿಲ್ಲದ ಹೆಪ್ಪು ಬಾಳುವುದಿಲ್ಲ. ಹಾಗಾಗಿಯೇ ಮೊದಲು ನಿಂತ ರಕ್ತ 12ರಿಂದ 36 ಗಂಟೆಗಳ ನಂತರ ಮತ್ತೆ ಹರಿಯತೊಡಗುತ್ತದೆ. ಹಲ್ಲು ಕೀಳಿಸಿದ ಮರುದಿನ ಬಾಯಿ ತುಂಬ ರಕ್ತ ಬಂದರೆ ಇದೂ ನೆನಪಿಗೆ ಬರಬೇಕು.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ತೀವ್ರ ಕೊರತೆ ಉಂಟಾಗುತ್ತದೆ. ಸುಮಾರು 20 ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಯಿದು. ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಸುಳಿವು ಹೊಕ್ಕುಳದಲ್ಲಿದೆ. ತೀವ್ರ ಕೊರತೆಯಿರುವ ಹೆಚ್ಚಿನ ಶಿಶುಗಳಲ್ಲಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಹೊಕ್ಕುಳಬಳ್ಳಿಯ ತುದಿಯಿಂದ ರಕ್ತ ಒಸರುತ್ತದೆ. ರಕ್ತ ಹೆಪ್ಪುಗಟ್ಟದ ಇನ್ನೊಂದು ಆನುವಂಶಿಕ ಕಾಯಿಲೆ ಹಿಮೋಫಿಲಿಯಾದಲ್ಲಿ ಹೀಗಾಗುವುದು ಅಪರೂಪ. ನಿಜವಾಗಿ ಅಂಜಬೇಕಾದದ್ದು ಮಿದುಳಿನ ರಕ್ತಸ್ರಾವಕ್ಕೆ: ಸುಮಾರು ಮೂರರಲ್ಲಿ ಒಬ್ಬರಿಗೆ ಆಗುತ್ತದೆ, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಸಾಕು. ಗಾಯ ಮಾಯಲು ತಡವಾಗುವುದು, ಮಹಿಳೆಯರಲ್ಲಿ ಮತ್ತೆ ಮತ್ತೆ ಗರ್ಭಪಾತವಾಗುವುದು ಕೂಡ ಲಕ್ಷಣಗಳೇ.

ಎಡವಟ್ಟಾಗುವುದು ಲ್ಯಾಬ್ ವರದಿಯಲ್ಲಿ. ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು, ಪ್ಲೇಟ್‌ಲೆಟ್ ಎಣಿಕೆ ಎಲ್ಲವೂ ನಾರ್ಮಲ್! ಪಿಟಿ, ಎಪಿಟಿಟಿ ಅಳೆಯುವುದು ಫೈಬ್ರಿನ್ ಎಳೆ ಮೂಡುವವರೆಗಿನ ಸಮಯವನ್ನು ಮಾತ್ರ. ಫ್ಯಾಕ್ಟರ್ 13ರ ಕೆಲಸ ಶುರುವಾಗುವುದೇ ಅದಾದ ಮೇಲೆ. ಫೈಬ್ರಿನ್ ಎಳೆಯಾಗಿ ಬದಲಾಗುವ ಫೈಬ್ರಿನೋಜೆನ್ ಪ್ರೋಟೀನೇ ಇಲ್ಲದ ಶಿಶುವಿನ ಹೊಕ್ಕುಳದಿಂದಲೂ ರಕ್ತ ಬರುತ್ತದೆ, ಆದರೆ ಅಲ್ಲಿ ಪಿಟಿ, ಎಪಿಟಿಟಿ ಫಲಿತಾಂಶಗಳೇ ಅಸಹಜವಾಗಿರುತ್ತವೆ. ಹೊಕ್ಕುಳದಿಂದ ರಕ್ತ, ವರದಿ ಮಾತ್ರ ಸರಿ ಎಂದಾದರೆ ಅಲ್ಲಿಗೆ ಬಿಡದೆ ಫ್ಯಾಕ್ಟರ್ 13 ಪರೀಕ್ಷೆ ಕೇಳಲೇಬೇಕು.

ಹಳೆಯ ವಿಧಾನದಲ್ಲಿ ಹೆಪ್ಪನ್ನು 5 ಮೋಲಾರ್ ಯೂರಿಯಾ ದ್ರಾವಣದಲ್ಲಿಟ್ಟು 24 ಗಂಟೆ ಗಮನಿಸುತ್ತಾರೆ. ಆರೋಗ್ಯವಂತರ ಹೆಪ್ಪು ಉಳಿಯುತ್ತದೆ, ತೀವ್ರ ಕೊರತೆಯಿದ್ದವರದು ಕರಗುತ್ತದೆ. ಫ್ಯಾಕ್ಟರ್ 13ರ ಮಟ್ಟ ಸಹಜ ಮಟ್ಟದ ಶೇ. 5ಕ್ಕಿಂತ ಸ್ವಲ್ಪ ಮೇಲಿದ್ದರೂ ಇದರಲ್ಲಿ ಸಿಕ್ಕಿಬೀಳದೆ ಹೋಗಬಹುದು, ಆದ್ದರಿಂದ ಪ್ರಮಾಣ ಅಳೆಯುವ ಪರೀಕ್ಷೆಯೇ ಮೇಲು. ರಕ್ತ ಅಥವಾ ಪ್ಲಾಸ್ಮಾ ಕೊಡುವ ಮೊದಲೇ ಮಾದರಿ ತೆಗೆಯಬೇಕು. ಹೊರಗಿನಿಂದ ಬಂದ ಫ್ಯಾಕ್ಟರ್ 13 ಅರ್ಧಕ್ಕೆ ಇಳಿಯಲು 9ರಿಂದ 14 ದಿನ ಬೇಕು, ಅಷ್ಟರಲ್ಲಿ ಮಾಡಿದ ಪರೀಕ್ಷೆ ಕಾಯಿಲೆಯನ್ನು ಮುಚ್ಚಿಡುತ್ತದೆ. ಇದೇ ಗುಣ ಚಿಕಿತ್ಸೆಯಲ್ಲಿ ವರವಾಗುತ್ತದೆ: ಸುಮಾರು 4 ವಾರಗಳಿಗೊಮ್ಮೆ ಫ್ಯಾಕ್ಟರ್ ಕೊಟ್ಟರೆ ಮಿದುಳಿನ ರಕ್ತಸ್ರಾವವನ್ನು ಬಹುಮಟ್ಟಿಗೆ ತಡೆಯಬಹುದು.