ಡ್ರಿಲ್ ಪ್ರೆಸ್‌ನಲ್ಲಿ ಸಣ್ಣ ತುಂಡನ್ನು ಕೈಯಲ್ಲೇ ಹಿಡಿದು ಕೊರೆಯಬಹುದೇ?

ಪ್ರಶ್ನೆ: ಇಷ್ಟು ದಿನ ಕೈ ಡ್ರಿಲ್‌ನಲ್ಲೇ ಕೆಲಸ ಮಾಡುತ್ತಿದ್ದ ನಾನು ಈಗ ನೆಲದ ಮೇಲೆ ನಿಲ್ಲಿಸುವ ಡ್ರಿಲ್ ಪ್ರೆಸ್ ಒಂದನ್ನು ತಂದಿದ್ದೇನೆ. ಅಂಗೈ ಉದ್ದದ ಕಬ್ಬಿಣದ ಪಟ್ಟಿಯಲ್ಲಿ ಒಂದೇ ಒಂದು ತೂತು ಹಾಕಬೇಕಾದಾಗಲೂ ಕ್ಲ್ಯಾಂಪ್ ಕಟ್ಟಲೇಬೇಕೇ? ಒಂದು ಕೈಯಲ್ಲಿ ಪಟ್ಟಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಕೆ ಇಳಿಸಿದರೆ ಆಗದೇ?

ಉತ್ತರ: ಆಗದು. ಹಾಗೆ ಕೊರೆಯುವವರು ಬಹಳ ಮಂದಿ ಇದ್ದಾರೆ, ಅವರ ಬಹುಪಾಲು ತೂತುಗಳು ಯಾವ ತೊಂದರೆಯೂ ಇಲ್ಲದೆ ಬೀಳುತ್ತವೆ ಎಂಬುದೂ ನಿಜ. ಆದರೆ ಈ ಯಂತ್ರದಲ್ಲಿ ಅಪಾಯವು ಕೊರೆತದ ಉದ್ದಕ್ಕೂ ಸಮನಾಗಿ ಹರಡಿಕೊಂಡಿರುವುದಿಲ್ಲ. ಅದು ಬಿಟ್‌ನ (ಕೊರೆಯುವ ಸುರುಳಿ ಸರಳಿನ) ತುದಿ ಲೋಹದ ಕೆಳಮೈಯನ್ನು ಒಡೆದು ಹೊರಬರುವ ಒಂದು ಕ್ಷಣದಲ್ಲಿ ಕೂಡಿಕೊಂಡಿರುತ್ತದೆ. ಅಲ್ಲಿಯವರೆಗೆ ಬಿಟ್‌ನ ನಡುತುದಿ ಲೋಹವನ್ನು ಅಗೆಯುತ್ತ ನಿಮ್ಮ ಒತ್ತಡದ ದೊಡ್ಡ ಪಾಲನ್ನು ತಾನೇ ತಡೆದುಕೊಂಡಿರುತ್ತದೆ. ಆ ತುದಿ ಹೊರಬಿದ್ದೊಡನೆ ತಡೆ ಥಟ್ಟನೆ ಕುಸಿಯುತ್ತದೆ, ಹಿಡಿಕೆಯ ಮೇಲಿನ ಕೈ ತನಗೆ ತಿಳಿಯದಂತೆ ಕೆಳಗಿಳಿಯುತ್ತದೆ, ತೂತಿನ ಅಂಚಿನಲ್ಲಿ ಇನ್ನೂ ಉಳಿದಿರುವ ತೆಳ್ಳನೆಯ ಲೋಹದ ಉಂಗುರವನ್ನು ಬಿಟ್‌ನ ಎರಡೂ ಅಲಗುಗಳು ಒಮ್ಮೆಗೇ ಕಚ್ಚುತ್ತವೆ. ಆಗ ಬಿಟ್ ಕೊರೆಯುವುದನ್ನು ಬಿಟ್ಟು ಸ್ಕ್ರೂವಿನಂತೆ ವರ್ತಿಸುತ್ತದೆ: ಪಟ್ಟಿಯನ್ನು ತನ್ನ ಸುರುಳಿಯ ಮೇಲಕ್ಕೆ ಎಳೆದುಕೊಂಡು, ತನ್ನ ಜೊತೆಗೇ ತಿರುಗಿಸುತ್ತದೆ.

ಆ ತಿರುಗುವಿಕೆಯ ವೇಗವನ್ನು ಲೆಕ್ಕ ಹಾಕಿ ನೋಡಬಹುದು. ಸ್ಪಿಂಡಲ್, ಅಂದರೆ ಬಿಟ್ಟನ್ನು ತಿರುಗಿಸುವ ದಂಡ, ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 13 ಸುತ್ತಿಗಿಂತ ಸ್ವಲ್ಪ ಹೆಚ್ಚಾಯಿತು. 100 ಮಿ.ಮೀ. ಉದ್ದದ ಪಟ್ಟಿಯ ಒಂದು ತುದಿಯ ಹತ್ತಿರ ತೂತು ಹಾಕುತ್ತಿದ್ದೀರಿ ಎಂದುಕೊಂಡರೆ, ಇನ್ನೊಂದು ತುದಿ ಸೆಕೆಂಡಿಗೆ 7 ಮೀಟರಿಗೂ ಹೆಚ್ಚು ವೇಗದಲ್ಲಿ ಬೀಸುತ್ತದೆ. ಏನೋ ಎಡವಟ್ಟಾಯಿತು ಎಂದು ನಿಮಗೆ ಹೊಳೆದು ಕೈ ಹಿಂದಕ್ಕೆ ಬರಲು ಕಾಲು ಸೆಕೆಂಡು ಬೇಕಾದರೂ ಅಷ್ಟರಲ್ಲಿ ಪಟ್ಟಿ ಮೂರು ಸುತ್ತು ಮುಗಿಸಿರುತ್ತದೆ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿರುವ ಓರೆಯಾದ ಬಿಳಿ ಗೀರು ಇಂಥದ್ದೇ ಮೂರು ಸುತ್ತಿನ ಗುರುತು. 2 ಮಿ.ಮೀ. ದಪ್ಪದ ಹಿತ್ತಾಳೆ ತಗಡಿನಲ್ಲಿ ಹನ್ನೊಂದು ತೂತುಗಳನ್ನು ಕೈಯಲ್ಲೇ ಹಿಡಿದು ಹಾಕಿದ್ದೆ. ಕೊನೆಯದೊಂದಕ್ಕಾಗಿ ಕ್ಲ್ಯಾಂಪ್ ಹುಡುಕುವುದೇಕೆ ಎಂದು ಹನ್ನೆರಡನೆಯದನ್ನೂ ಹಾಗೆಯೇ ಹಾಕಲು ಹೋದೆ.

ಕೈಗವಸು ತೊಟ್ಟರೆ ರಕ್ಷಣೆ ಸಿಗುತ್ತದಲ್ಲ ಎಂದು ಕೇಳುವವರುಂಟು. ಡ್ರಿಲ್ ಪ್ರೆಸ್‌ನ ಮಟ್ಟಿಗೆ ಕೈಗವಸು ರಕ್ಷಣೆಯಲ್ಲ, ಅದೇ ಅಪಾಯ. ಬರಿಗೈಗೆ ಬಿಟ್ ತಗುಲಿದರೆ ಚರ್ಮ ಹರಿಯುತ್ತದೆ; ಕೈಗವಸಿನ ಬಟ್ಟೆಯಾದರೋ ಬಿಟ್‌ಗೆ ಸುತ್ತಿಕೊಂಡು ಒಳಗಿನ ಬೆರಳುಗಳನ್ನೂ ಎಳೆದುಕೊಳ್ಳುತ್ತದೆ. ಉದ್ದ ತೋಳಿನ ಸಡಿಲ ಅಂಗಿ, ಬಿಚ್ಚಿದ ಕೂದಲು, ಕೊರಳಿನ ಸರ, ಉಂಗುರ, ಬಳೆ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಮಾತ್ರ ಯಾವಾಗಲೂ ಇರಬೇಕು.

ಹಾಗಾದರೆ ಆ ತಿರುಚುವ ಬಲ ಎಲ್ಲಿಗೆ ಹೋಗಬೇಕು? ಬಿಟ್‌ನಿಂದ ತುಂಡಿಗೆ, ತುಂಡಿನಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಟೇಬಲ್ಲಿಗೆ, ಅಲ್ಲಿಂದ ಕಂಬದ ಮೂಲಕ ಬೇಸ್‌ಗೆ ಮತ್ತು ನೆಲಕ್ಕೆ ಹೋಗಬೇಕು. ಯಂತ್ರವನ್ನು ನಿಲ್ಲಿಸಿ ಹೊಂದಿಸುವ ಕೆಲಸವೆಲ್ಲ ಈ ದಾರಿಯಲ್ಲಿ ಎಲ್ಲಿಯೂ ಸಡಿಲ ಇಲ್ಲದಂತೆ ನೋಡಿಕೊಳ್ಳುವುದೇ ಆಗಿದೆ. ಆದ್ದರಿಂದ ಕ್ಲ್ಯಾಂಪಿನ ಮಾತಿಗೆ ಮೊದಲು ನೆಲದಿಂದಲೇ ಆರಂಭಿಸುತ್ತೇನೆ.

ನೆಲಕ್ಕೆ ನಿಲ್ಲಿಸುವ ಡ್ರಿಲ್ ಪ್ರೆಸ್ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಅದರ ಭಾರವೆಲ್ಲ ತಲೆಯಲ್ಲಿದೆ. ಮೋಟಾರು, ಪುಲ್ಲಿಗಳು, ಸ್ಪಿಂಡಲ್ ಎಲ್ಲವೂ ಆಳೆತ್ತರದಲ್ಲಿ ಕುಳಿತಿರುತ್ತವೆ, ಕೆಳಗಿನ ಬೇಸ್ ಮಾತ್ರ ಚಿಕ್ಕದು. ಟೇಬಲ್ಲಿನ ಒಂದು ಪಕ್ಕಕ್ಕೆ ಉದ್ದನೆಯ ಭಾರದ ತುಂಡನ್ನು ಇಟ್ಟರೆ ಅಥವಾ ಸಿಕ್ಕಿಬಿದ್ದ ಬಿಟ್ಟನ್ನು ಬಿಡಿಸಲು ಜಗ್ಗಿದರೆ ಇಡೀ ಯಂತ್ರ ವಾಲಬಹುದು. ಬೇಸ್‌ನಲ್ಲಿ ತೂತುಗಳನ್ನು ಕೊಟ್ಟಿರುವುದು ಬೋಲ್ಟ್ ಹಾಕಲಿ ಎಂದೇ. ಕಾಂಕ್ರೀಟ್ ನೆಲವಾದರೆ ಆ್ಯಂಕರ್ ಬೋಲ್ಟ್ ಹಾಕಿ. ನೆಲವನ್ನು ಕೊರೆಯಲು ಸಾಧ್ಯವಿಲ್ಲದ ಕಡೆ ಬೇಸ್‌ಗಿಂತ ಸಾಕಷ್ಟು ಅಗಲವಾದ ದಪ್ಪ ಹಲಗೆಗೆ ಬಿಗಿದು ನಿಲ್ಲಿಸಿ. ಬೋಲ್ಟ್ ಬಿಗಿಯುವ ಮೊದಲು ಬೇಸ್ ಕುಲುಕುತ್ತದೆಯೇ ಎಂದು ನೋಡಿ, ಸಂದು ಇರುವ ಮೂಲೆಗೆ ತೆಳು ತಗಡಿನ ಶಿಮ್ ಕೊಡಬೇಕು. ಬೇಸ್ ಎರಕದ ಕಬ್ಬಿಣದ್ದಾಗಿರುವುದರಿಂದ, ಸಂದನ್ನು ಬೋಲ್ಟಿನ ಬಲದಿಂದಲೇ ಮುಚ್ಚಲು ಹೋದರೆ ಅದು ಬಾಗದೆ ಬಿರುಕು ಬಿಡುತ್ತದೆ. ತಲೆಯ ಭಾಗವನ್ನು ಕಂಬದ ಮೇಲೆ ಕೂರಿಸುವುದು ಇಬ್ಬರ ಕೆಲಸ. ಒಬ್ಬರೇ ಎತ್ತಲು ಹೋಗಬೇಡಿ.

ಮುಂದಿನದು ಟೇಬಲ್. ಅದನ್ನು ಏರಿಸಿ ಇಳಿಸಿದಾಗಲೆಲ್ಲ ಕಂಬದ ಹಿಂದಿರುವ ಲಾಕ್ ಬಿಗಿಯುವುದನ್ನು ಮರೆಯಬಾರದು. ಮರೆತರೆ ಎಷ್ಟೇ ಭದ್ರವಾಗಿ ಕ್ಲ್ಯಾಂಪ್ ಕಟ್ಟಿದ್ದರೂ ಟೇಬಲ್ಲೇ ಕಂಬದ ಸುತ್ತ ಸರಿಯುತ್ತದೆ. ಟೇಬಲ್ ಸ್ಪಿಂಡಲ್‌ಗೆ ನೇರ ಅಡ್ಡವಾಗಿದೆಯೇ ಎಂದು ನೋಡಲು ಒಂದು ದಪ್ಪ ತಂತಿ ಸಾಕು. ವಿದ್ಯುತ್ ಪ್ಲಗ್ ಕಿತ್ತು, ತಂತಿಯನ್ನು ಎರಡು ಕಡೆ ಮಡಿಸಿ ಒಂದು ತುದಿಯನ್ನು ಚಕ್ಕಿಗೆ (ಬಿಟ್ಟನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಭಾಗಕ್ಕೆ) ಸಿಕ್ಕಿಸಿ. ಇನ್ನೊಂದು ತುದಿ ನಡುವಿನಿಂದ 100 ಮಿ.ಮೀ. ದೂರದಲ್ಲಿ ಟೇಬಲ್ಲನ್ನು ಈಗಷ್ಟೇ ಸವರುವಂತೆ ಇರಲಿ. ಚಕ್ಕನ್ನು ಕೈಯಿಂದ ತಿರುಗಿಸಿದಾಗ ಎಡಕ್ಕೆ ಸವರಿ ಬಲಕ್ಕೆ ಸಂದು ಬಿಟ್ಟರೆ ಟೇಬಲ್ ಓರೆಯಾಗಿದೆ ಎಂದರ್ಥ. ಎಡಬಲದ ಓರೆಯನ್ನು ಟೇಬಲ್ಲಿನ ಅಡಿಯ ದೊಡ್ಡ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದು. ಹಿಂದುಮುಂದಿನ ಓರೆಗೆ ಬಹಳಷ್ಟು ಯಂತ್ರಗಳಲ್ಲಿ ಹೊಂದಾಣಿಕೆಯೇ ಇರುವುದಿಲ್ಲವಾದ್ದರಿಂದ ಅಲ್ಲಿಯೂ ಶಿಮ್ಮೇ ಗತಿ.

ಹೊಸ ಯಂತ್ರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಚಕ್ ಕೂರುವ ಟೇಪರ್‌ನ ಹತ್ತಿರ. ಚಕ್ಕನ್ನು ಹಿಡಿದಿಡಲು ಅಲ್ಲಿ ಬೋಲ್ಟ್ ಇಲ್ಲ, ನಟ್ ಇಲ್ಲ. ಸ್ಪಿಂಡಲ್‌ನ ಒಳಗಿನ ಮೋರ್ಸ್ ಟೇಪರ್ ಎಂಬ ಶಂಕುವಿನಾಕಾರದ ಕುಳಿ ಸರಿಸುಮಾರು 20ಕ್ಕೆ 1ರಂತೆ ಕಿರಿದಾಗುತ್ತ ಹೋಗುತ್ತದೆ. ಇಳಿಜಾರು ಅಷ್ಟು ಕಡಿಮೆ ಇರುವುದರಿಂದಲೇ ಒಮ್ಮೆ ಒತ್ತಿ ಕೂರಿಸಿದ ಆರ್ಬರ್ (ಚಕ್ಕಿನ ಮೇಲ್ತುದಿಯ ಓರೆ ದಂಡ) ಬರೀ ಘರ್ಷಣೆಯಿಂದ ಕಚ್ಚಿಕೊಂಡು ನಿಲ್ಲುತ್ತದೆ. ಈ ಕಚ್ಚುವಿಕೆಗೆ ಎಣ್ಣೆಯೇ ಶತ್ರು. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ಎರಡೂ ಮೈಗೆ ಗ್ರೀಸ್ ಸವರಿರುತ್ತಾರೆ. ನನ್ನ ಮೊದಲ ಯಂತ್ರದಲ್ಲಿ ನಾನು ಆರ್ಬರ್ ಒರೆಸಿ, ಸ್ಪಿಂಡಲ್‌ನ ಒಳಗೆ ಬೆರಳು ಹಾಕಿ ನೋಡುವುದನ್ನು ಬಿಟ್ಟೆ. ಮೂರನೆಯ ದಿನ ಬಿಟ್ಟನ್ನು ಮೇಲೆತ್ತುವಾಗ ಚಕ್ ಸಮೇತ ಅದು ತೂತಿನಲ್ಲೇ ಉಳಿದು, ಸ್ಪಿಂಡಲ್ ಮಾತ್ರ ಮೇಲಕ್ಕೆ ಬಂತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಬಳಿಕ ಒಣ ಬಟ್ಟೆ ಕಪ್ಪಾಗದೆ ಹೊರಬರುವವರೆಗೂ ಒರೆಸಿ. ಚಕ್ಕಿನ ದವಡೆಗಳನ್ನು ಪೂರ್ತಿ ಒಳಗೆ ಸೇರಿಸಿ, ಆರ್ಬರ್‌ನ ಚಪ್ಪಟೆ ತುದಿಯನ್ನು ಸ್ಪಿಂಡಲ್‌ನ ಸೀಳಿಗೆ ಹೊಂದಿಸಿ ಮೇಲಕ್ಕೆ ತಳ್ಳಿ, ಅಡಿಯಿಂದ ಮರದ ಸುತ್ತಿಗೆಯಲ್ಲಿ ಒಂದೆರಡು ಏಟು ಕೊಡಿ. ಕಬ್ಬಿಣದ ಸುತ್ತಿಗೆ ಬೇಡ.

ಇದೇ ಟೇಪರ್ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ಡ್ರಿಲ್ ಪ್ರೆಸ್‌ಗೆ ಮಿಲ್ಲಿಂಗ್ ಕಟ್ಟರ್ ಸಿಕ್ಕಿಸಿ ಅಡ್ಡಡ್ಡಲಾಗಿ ಕೆತ್ತಬಹುದೇ ಎಂದು ಆಗಾಗ ಕೇಳುತ್ತಾರೆ. ಟೇಪರ್ ಕೆಳಗಿನಿಂದ ಬರುವ ಒತ್ತಡವನ್ನು ಮಾತ್ರ ಹೊರಬಲ್ಲದು. ಪಕ್ಕದಿಂದ ಅಲುಗಾಡಿಸಿದರೆ ಅದು ಬಿಟ್ಟುಕೊಳ್ಳುತ್ತದೆ, ತಿರುಗುತ್ತಿರುವ ಚಕ್ ಆಗ ಟೇಬಲ್ಲಿನ ಮೇಲೆ ಬೀಳುತ್ತದೆ.

ಚಕ್ ಕುಳಿತ ಮೇಲೆ ನೇರವಾದ ನಯ ಸರಳೊಂದನ್ನು ಸಿಕ್ಕಿಸಿ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕ) ತಾಗಿಸಿ ನೋಡಿದರೆ ತಿರುಗುವಾಗಿನ ಓಲಾಟ ತಿಳಿಯುತ್ತದೆ. 0.05 ಮಿ.ಮೀ. ಒಳಗಿದ್ದರೆ ಒಳ್ಳೆಯ ಯಂತ್ರ, 0.1 ಮಿ.ಮೀ. ದಾಟಿದರೆ ಯಂತ್ರವನ್ನು ಬೈಯುವ ಮೊದಲು ಟೇಪರ್‌ನಲ್ಲಿ ಕಸದ ಕಣವೇನಾದರೂ ಉಳಿದಿದೆಯೇ ಎಂದು ನೋಡಿ.

ವೇಗದ ವಿಚಾರಕ್ಕೆ ಒಂದು ಸುಲಭ ಲೆಕ್ಕವಿದೆ. ಹೈಸ್ಪೀಡ್ ಸ್ಟೀಲ್ ಬಿಟ್‌ನ ಅಂಚು ಸಾಧಾರಣ ಮೆದು ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್ ಓಡಬಹುದು. ಅದನ್ನು ಸುತ್ತುಗಳಿಗೆ ಇಳಿಸಿದರೆ, 8000ವನ್ನು ಬಿಟ್‌ನ ಮಿಲಿಮೀಟರ್ ವ್ಯಾಸದಿಂದ ಭಾಗಿಸಿದಷ್ಟಾಗುತ್ತದೆ. 5 ಮಿ.ಮೀ. ಬಿಟ್‌ಗೆ 1600, 10ಕ್ಕೆ 800, 20ಕ್ಕೆ 400. ಸ್ಟೇನ್‌ಲೆಸ್ ಉಕ್ಕಿಗೆ ಇದರ ಅರ್ಧ, ಅಲ್ಯೂಮಿನಿಯಂಗೆ ಎರಡರಷ್ಟು ಅಥವಾ ಇನ್ನೂ ಹೆಚ್ಚು. 50 ಮಿ.ಮೀ. ಹೋಲ್ ಸಾಗೆ (ದೊಡ್ಡ ತೂತು ಕತ್ತರಿಸುವ ಬಟ್ಟಲಿನಾಕಾರದ ಗರಗಸಕ್ಕೆ) ಈ ಲೆಕ್ಕದಂತೆ 160 ಸುತ್ತು ಬರುತ್ತದೆ. ಅಷ್ಟು ನಿಧಾನಕ್ಕೆ ಇಳಿಯದ ಯಂತ್ರದಲ್ಲಿ ಇರುವ ಕನಿಷ್ಠ ವೇಗವನ್ನಿಟ್ಟು, ಎಣ್ಣೆ ಹಾಕಿ, ಹಗುರವಾಗಿ ಒತ್ತುವುದೇ ಉಳಿದ ದಾರಿ. ವೇಗ ಬದಲಿಸಲು ಬೆಲ್ಟನ್ನು ಪುಲ್ಲಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಬಿಗಿದ ಬಳಿಕ ಎರಡು ಪುಲ್ಲಿಗಳ ನಡುವೆ ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು 12 ಮಿ.ಮೀ. ಒಳಗೆ ಹೋಗುವಂತಿರಲಿ.

ಈಗ ಮೂಲ ಪ್ರಶ್ನೆಗೆ ಬರೋಣ. ಸ್ಪಿಂಡಲ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸಿಕ್ಕಿಬಿದ್ದ ತುಂಡೂ ಹಾಗೆಯೇ ತಿರುಗಲು ನೋಡುತ್ತದೆ. ಕಂಬಕ್ಕೆ ಎದುರಾಗಿ ನಿಂತ ನಿಮ್ಮ ದೃಷ್ಟಿಯಲ್ಲಿ ತುಂಡಿನ ಎಡ ತುದಿ ಕಂಬದ ಕಡೆಗೂ ಬಲ ತುದಿ ನಿಮ್ಮ ಹೊಟ್ಟೆಯ ಕಡೆಗೂ ಬೀಸುತ್ತದೆ. ಆದ್ದರಿಂದ ಉದ್ದನೆಯ ತುಂಡನ್ನು ಅದರ ಉದ್ದ ಭಾಗ ಎಡಕ್ಕೆ ಚಾಚಿ, ಹಿಂಬದಿಯ ಅಂಚು ಕಂಬದ ಎಡ ಮೈಗೆ ಒರಗುವಂತೆ ಇಟ್ಟರೆ, ಬಿಟ್ ಕಚ್ಚಿದರೂ ಕಂಬವೇ ತಡೆಯುತ್ತದೆ. ಮೀಟರಿಗಿಂತ ಉದ್ದದ ಮರದ ಹಲಗೆಯಲ್ಲಿ ಸಣ್ಣ ಬಿಟ್‌ನಿಂದ ಕೊರೆಯುವಾಗ ನಾನು ಹೀಗೆ ಒರಗಿಸಿಯೇ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಕ್ಲ್ಯಾಂಪ್ ಇಲ್ಲದೆ ಕೊರೆಯಲು ನಾನು ಒಪ್ಪುವುದು ಆ ಒಂದು ಸಂದರ್ಭದಲ್ಲಿ ಮಾತ್ರ.

ನೀವು ಹೇಳಿದ ಅಂಗೈ ಉದ್ದದ ಪಟ್ಟಿಗೆ ವೈಸ್ (ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಬೇಕು. 6 ಮಿ.ಮೀ.ವರೆಗಿನ ತೂತಿಗೆ ಭಾರವಾದ ವೈಸ್ ಆದರೆ ಅದನ್ನು ಟೇಬಲ್ಲಿಗೆ ಬಿಗಿಯದೆ, ಅದರ ಎಡ ತುದಿಯ ಹಿಂಬದಿಗೆ ಟೇಬಲ್ಲಿನ ಸೀಳಿನಲ್ಲಿ ಒಂದು ಬೋಲ್ಟನ್ನು ತಡೆಯಾಗಿ ನಿಲ್ಲಿಸಿದರೆ ಸಾಕು. ವೈಸ್ ತುಸು ಸರಿಯಲು ಬಿಟ್ಟರೆ ತೂತಿನ ಜಾಗ ಗುರುತಿಸಲು ಸೆಂಟರ್ ಪಂಚ್ ಎಂಬ ಮೊನಚು ಉಳಿಯಿಂದ ಹೊಡೆದ ಕುಳಿಯನ್ನು ಬಿಟ್ ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೂತಾದರೆ ವೈಸನ್ನೇ ಎರಡು ಬೋಲ್ಟ್‌ಗಳಿಂದ ಟೇಬಲ್ಲಿಗೆ ಬಿಗಿಯಿರಿ. ವೈಸ್ ಬದಲು ಪಟ್ಟಿ ಕ್ಲ್ಯಾಂಪ್ (ಒಂದು ತುದಿ ತುಂಡಿನ ಮೇಲೆ, ಇನ್ನೊಂದು ಆಸರೆಯ ಮೇಲೆ ಕೂತು, ನಡುವೆ ಬೋಲ್ಟಿನಿಂದ ಬಿಗಿಯುವ ಲೋಹದ ಪಟ್ಟಿ) ಬಳಸುವುದಾದರೆ ಅದರ ಬೋಲ್ಟ್ ತುಂಡಿಗೆ ಹತ್ತಿರವಿರಲಿ, ಹಿಂದಿನ ಆಸರೆಗೆ ದೂರವಿರಲಿ. ಆಸರೆಯ ಎತ್ತರ ತುಂಡಿಗಿಂತ ಕೂದಲೆಳೆಯಷ್ಟು ಹೆಚ್ಚಿರಲಿ. ಬೋಲ್ಟ್ ಆಸರೆಯ ಕಡೆಗೆ ಹೋದಷ್ಟೂ ನೀವು ಬಿಗಿಯುತ್ತಿರುವುದು ಆಸರೆಯನ್ನೇ ಹೊರತು ತುಂಡನ್ನಲ್ಲ. ದುಂಡನೆಯ ಸರಳಿಗೆ ವೀ ಬ್ಲಾಕ್ (V ಆಕಾರದ ಸೀಳಿರುವ ಆಸರೆ) ಬೇಕು. ತೆಳು ತಗಡನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು ಒಟ್ಟಿಗೇ ಕ್ಲ್ಯಾಂಪ್ ಮಾಡಿ ಮೂರನ್ನೂ ಕೊರೆಯಿರಿ: ತಗಡು ಒಡೆಯುವ ಕ್ಷಣದಲ್ಲೂ ಬಿಟ್‌ನ ತುದಿ ಕೆಳಗಿನ ಮರದಲ್ಲಿ ನೆಲೆನಿಂತಿರುವುದರಿಂದ ಆ ಹಠಾತ್ ಕಚ್ಚುವಿಕೆ ಬಹುಮಟ್ಟಿಗೆ ತಪ್ಪುತ್ತದೆ. ಹಿತ್ತಾಳೆ ತಗಡಿಗಂತೂ ಬಿಟ್‌ನ ಎರಡೂ ಅಲಗುಗಳ ಮುಂಭಾಗವನ್ನು ಎಣ್ಣೆಕಲ್ಲಿನಿಂದ ಸ್ವಲ್ಪವೇ ಸವೆಸಿ ಚಪ್ಪಟೆ ಮಾಡಿಕೊಂಡರೆ, ಅದು ಲೋಹವನ್ನು ಅಗೆದುಕೊಂಡು ಒಳನುಗ್ಗದೆ ಕೆರೆಯುತ್ತ ಹೋಗುತ್ತದೆ. ನನ್ನ ಹೆಬ್ಬೆರಳಿಗೆ ಪೆಟ್ಟಾದ ಮೇಲೆ ಅದಕ್ಕೆಂದೇ ಒಂದಷ್ಟು ಬಿಟ್‌ಗಳನ್ನು ಹೀಗೆ ಮಾಡಿ ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಕೊರೆಯುವಾಗ ಹಿಡಿಕೆಯನ್ನು ಒಂದೇ ಸಮನೆ ಒತ್ತದೆ, ನಡುನಡುವೆ ಕ್ಷಣಮಾತ್ರ ಸಡಿಲಿಸಿದರೆ ಲೋಹದ ಸುರುಳಿಗಳು ತುಂಡಾಗಿ ಬೀಳುತ್ತವೆ. ಉದ್ದವಾಗಿ ಬೆಳೆದ ಸುರುಳಿ ಬಿಟ್‌ನ ಜೊತೆ ಚಾಟಿಯಂತೆ ತಿರುಗುತ್ತದೆ. ಅದನ್ನು ಕೈಯಿಂದ ಎಳೆಯುವುದು ಬ್ಲೇಡನ್ನು ಎಳೆದಂತೆ. ಯಂತ್ರ ನಿಲ್ಲಿಸಿ ಬ್ರಷ್‌ನಿಂದ ತೆಗೆಯಿರಿ. ಉಕ್ಕಿಗೆ ಕಟಿಂಗ್ ಆಯಿಲ್ ಹನಿಸಿ, ಎರಕದ ಕಬ್ಬಿಣವನ್ನೂ ಹಿತ್ತಾಳೆಯನ್ನೂ ಒಣದಾಗಿಯೇ ಕೊರೆಯಿರಿ. ಕೆಳಮೈ ಒಡೆಯುವ ಹೊತ್ತಿಗೆ ಯಂತ್ರದ ಸದ್ದು ಬದಲಾಗುತ್ತದೆ, ಹಿಡಿಕೆಯಲ್ಲಿ ಸಣ್ಣದೊಂದು ಗರಗರ ತಿಳಿಯುತ್ತದೆ. ಆಗ ಒತ್ತಡವನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಕು. ಚಕ್ ಕೀಲಿಯ ಬಗ್ಗೆ ನನ್ನದೊಂದೇ ನಿಯಮ: ಅದು ಚಕ್ಕಿನಲ್ಲಿರುವಷ್ಟು ಹೊತ್ತೂ ಕೈ ಅದನ್ನು ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಕ್ಲ್ಯಾಂಪ್ ಜಾರಿ ತುಂಡು ತಿರುಗತೊಡಗಬಹುದು. ಅದನ್ನು ಹಿಡಿದು ನಿಲ್ಲಿಸಬೇಕೆಂದು ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಹೋಗಗೊಡಬೇಡಿ. ಸ್ವಿಚ್ಚನ್ನು ಆರಿಸಿ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸ್ವಿಚ್ ತಲುಪಲು ತಿರುಗುವ ತುಂಡಿನ ಮೇಲಿಂದ ಕೈ ಚಾಚಬೇಕಾಗಿದ್ದರೆ ಅದನ್ನು ಮೊಣಕಾಲಿಗೆ ಸಿಗುವ ಎತ್ತರಕ್ಕೆ ಇಳಿಸುವ ವ್ಯವಸ್ಥೆಯನ್ನು ಎಲೆಕ್ಟ್ರಿಷಿಯನ್‌ರಿಂದ ಮೊದಲೇ ಮಾಡಿಸಿಕೊಳ್ಳಿ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಪ್ಲಗ್ ಕಿತ್ತು, ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಕಚ್ಚಿಕೊಂಡ ಬಿಟ್ ಸಾಮಾನ್ಯವಾಗಿ ಅರ್ಧ ಸುತ್ತಿನಲ್ಲೇ ಬಿಡಿಸಿಕೊಳ್ಳುತ್ತದೆ.